ಹತ್ತು, ಚುಕ್ಕಿ, ಓರೆಗೆರೆ

ಹನ್ನೊಂದು ಸಂಚಿಕೆ. ಎಂಬತ್ತಮೂರು ಲೇಖನ.
ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು
ಪುಟದಿಂದ ಪುಟಕ್ಕೆ ಇಳಿದಿದೆ ಕಂದು ಚುಕ್ಕೆ.
ಜೊಂಬಾದ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ
ಬೆಳಗ್ಗೆ ಏಳಕ್ಕೇ ಬಂದು ಕೂತಿದ್ದೇನೆ.
ಹತ್ತಕ್ಕೆ ಕರೆಂಟು ಹೋಗುತ್ತದೆ.

ಒಂದೊಂದಕ್ಕೂ ಒಂದು ನಂಬರು ಬೇಕು,
ಅಳಿಯದ್ದು, ಬದಲಾಗದ್ದು,
ನಾಳೆ ಓಸ್ಲೋದಲ್ಲಿ ಯಾರೋ ಒತ್ತಿದರೆ
ನೆಟ್ಟಗೆ ಇಲ್ಲಿಗೇ ಬಂದು ಬಾಗಿಲು ತಟ್ಟುವಂಥದ್ದು.
ಹಣ ಡಾಲರಿನಲ್ಲಿ. ಎಂಟು ತಿಂಗಳು ಕಚೇರಿ ಅಲೆದೆ.
"ಅಂಕಿಗೂ ದುಡ್ಡೇ? ಒಂದು, ಎರಡು, ಮೂರು,
ಪುಕ್ಕಟೆ ಬರೆದುಕೊಳ್ಳಿ" ಎಂದ ಲೆಕ್ಕಾಧಿಕಾರಿ ಕಲುವಾ.
ಕೊನೆಗೆ ಪತ್ರ ಬಂತು:
ರಿಯಾಯಿತಿಯ ದೇಶಗಳ ಪಟ್ಟಿಯಲ್ಲಿದ್ದೀರಿ, ಕಟ್ಟಬೇಕಿಲ್ಲ.
ಬಡತನವೂ ಒಮ್ಮೊಮ್ಮೆ ಕಾಯಿ ಕಚ್ಚುತ್ತದೆ.

ಹತ್ತು. ಚುಕ್ಕಿ. ಐದಂಕಿ. ಇದು ನಮ್ಮ ಮನೆತನ.
ಆಮೇಲೆ ಓರೆಗೆರೆ.
ಗೆರೆಯಾಚೆ ನಮ್ಮಿಷ್ಟ.
ಸರೋವರದ ಹೆಸರು ಹಾಕಹೊರಟೆ: ಚಿಲ್ವಾ,
ಇಸವಿ, ಸಂಚಿಕೆ, ಬರೆದವರ ಇನಿಶಿಯಲ್ಲು.
ಕೈಪಿಡಿ ಬೇಡವೆನ್ನುತ್ತದೆ.
ಅರ್ಥ ತುಂಬಬೇಡಿ, ಅರ್ಥ ಹಳಸುತ್ತದೆ,
ಪತ್ರಿಕೆಯ ಹೆಸರು ಬದಲಾದೀತು, ವಿಶ್ವವಿದ್ಯಾಲಯ ಹೋಳಾದೀತು,
ಗೊಡ್ಡು ಅಕ್ಷರಗಳಿರಲಿ, ಬಾಳಿಕೆ ಬರುತ್ತವೆ.
ನಮ್ಮಜ್ಜಿಯೂ ಹೀಗೇ: ಎರಡು ಕೂಸು ಹೋದ ಮೇಲೆ
ಮೂರನೆಯದಕ್ಕೆ ಕಸವೆಂದು ಹೆಸರಿಟ್ಟಳು,
ಸಾವು ಮೂಸಿಯೂ ನೋಡದಿರಲೆಂದು.
ಆ ಕಸವೇ ನನ್ನಮ್ಮ. ಎಂಬತ್ತೊಂದು ಈಗ.
ಊಟಕ್ಕೆ ಉಪ್ಪು ಕಡಿಮೆಯೆಂದು ನಿನ್ನೆಯೂ ಜಗಳ.

ಏಳನೆಯ ಸಂಚಿಕೆ, ಪುಟ ಹತ್ತೊಂಬತ್ತು:
ವೈಸನ್ ನಜೋಮಾ, ಮೀನುಗಾರಿಕೆ ಇಲಾಖೆ, ಕಾವಲುಗಾರ.
ಆರು ವರ್ಷ ದಿನಾ ನಸುಕಿಗೆ ನೀರಿಗಿಳಿದು
ಬಿದಿರು ಗಳದಲ್ಲಿ ಆಳ ಹಿಡಿದವರು.
ಗಳ ಮುರಿದ ದಿನ ಮೈಯೇ ಅಳತೆ:
ಎದೆ, ಸೊಂಟ, ತೊಡೆ.
ಮತೆಂಬಾ ಎಷ್ಟು ಬುಟ್ಟಿ, ಮ್ಲಾಂಬಾ ಎಷ್ಟು.
ಕೊನೆಯ ಕೋಷ್ಟಕ ತೊಂಬತ್ತೈದರದು:
ಮೊಣಕಾಲು. ಹರಡು. ಹಿಮ್ಮಡಿ. ಕೆಸರು.
ಆಮೇಲೆ ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ,
ಟೈಪ್‌ರೈಟರಿನ ಒಂದೇ ಕೀಲಿ ಪುಟದ ಅಂಚಿನ ತನಕ.
ನೀರಿಲ್ಲದ ದಿನವೂ ಹೋಗಿ ನೋಡಿ ಬಂದಿದ್ದರು.

ನಮೂನೆ ಕೇಳುತ್ತದೆ: ಲೇಖಕರ ಗುರುತು ಸಂಖ್ಯೆ?
ಇಲ್ಲ. ಇಮೇಲ್? ಇಲ್ಲ.
ಹೆಸರಿನ ಪಕ್ಕ ನಕ್ಷತ್ರ; ಖಾಲಿ ಬಿಡುವಂತಿಲ್ಲ.
ಬಿಡಲಿಲ್ಲ.
ಗೆರೆಯಾಚೆ ಬರೆದೆ: ಕ್ಯೂ, ಏಳು, ಎಂ, ನಾಲ್ಕು, ಕೆ, ಎಂಟು.
ಸಲ್ಲಿಸಿ, ಒತ್ತಿ ನೋಡಿದೆ. "ಸಿಗಲಿಲ್ಲ."
ಚಹಾ ಕುಡಿದು ಬಂದು ಒತ್ತಿದೆ. ಸಿಕ್ಕಿತು,
ತುಕ್ಕಿನ ಚುಕ್ಕೆ ಸಮೇತ.

ಚೀಟಿ ಹಿಡಿದು ಸಂತೆಗೆ ಹೋದೆ.
ಅವರ ಮಗಳು ಎಲೂಬೆ ಒಣಮೀನು ಮಾರುತ್ತಾಳೆ.
ಈ ಸಲ ಚಿಲ್ವಾದಲ್ಲಿ ಮತ್ತೆ ನೀರಿಲ್ಲ,
ಮಾಲು ಮಂಗೋಚಿಯಿಂದ, ಲಾರಿ ಬಾಡಿಗೆಗೇ ಲಾಭ.
ಚೀಟಿಯನ್ನು ಉದ್ದಕ್ಕೆ, ಅಡ್ಡಕ್ಕೆ ಹಿಡಿದು ಕೇಳಿದಳು:
"ಈ ನಂಬರಿಗೆ ಫೋನು ಮಾಡಿದರೆ ಯಾರೆತ್ತುತ್ತಾರೆ?"

ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ನಗು ನಿಂತಿತು.
ಎತ್ತಬೇಕಾದವಳು ನಾನೇ.
ಕಡತ ಮನೆ ಬದಲಿಸಿದಾಗಲೆಲ್ಲ
ಹೊಸ ವಿಳಾಸ ತಿಳಿಸುತ್ತೇನೆಂದು ಸಹಿ ಹಾಕಿದ್ದೇನೆ.
ಮರೆತೆನೋ, ಶಾಶ್ವತವೂ ಸಿಗಲಿಲ್ಲ ಎನ್ನುತ್ತದೆ.
ಜುಲೈಯಲ್ಲಿ ಸರ್ವರ್ ಬದಲಾದಾಗ
ಬ್ಯಾಟರಿ ಸಾಯುವ ಮುಂಚೆ ಎಪ್ಪತ್ತು ತಿದ್ದಿದೆ,
ಉಳಿದ ಹದಿಮೂರು ಆ ರಾತ್ರಿಯಿಡೀ ಎಲ್ಲಿಯೂ ಇರಲಿಲ್ಲ.
ನನ್ನ ನಿವೃತ್ತಿಗೆ ನಾಲ್ಕು ವರ್ಷ.
ಬರುವವರು ಯಾರೋ, ದಿನಾ ನೋಡಿ ಬರುವವರೋ ಅಲ್ಲವೋ.

ಮುಂದಿನ ವಾರ ಮತೆಂಬಾ ಕೊಳ್ಳಲು ಹೋದೆ.
ಸಾಲದ ಲೆಕ್ಕ ಬರೆಯುವ ತಗಡಿನ ಮುಚ್ಚಳದ ಮೇಲೆ
ಎಲ್ಲಕ್ಕಿಂತ ಮೇಲಿನ ಸಾಲು ಎಲೂಬೆ ಬರೆದುಕೊಂಡಿದ್ದಳು:
ಹತ್ತು, ಚುಕ್ಕಿ, ಓರೆಗೆರೆ, ಕೊನೆತನಕ.
ಒದ್ದೆ ಕೈ ತಾಗಿ ಕಡೆಯ ಎಂಟು ಮೂರಾಗಿತ್ತು.
ಸೀಮೆಸುಣ್ಣ ಕೇಳಿ ಇಸಿದುಕೊಂಡೆ.